ಮತ್ಸ್ಯಭ್ರೂಣಕ್ಕೆ ಬೇಕಾದ ಕತ್ತಲೆ

ಬೆಳಕೆಂದರೆ ಜ್ಞಾನ, ಕತ್ತಲೆಯೆಂದರೆ ಅಜ್ಞಾನ ಎಂಬ ಭಾವನೆ ನಾಡಿನ ಜನಮನದಲ್ಲಿ ಆಳವಾಗಿ ಬೇರೂರಿದೆ. ವಿದ್ಯಾಸಂಸ್ಥೆಯನ್ನು ಜ್ಞಾನಜ್ಯೋತಿಯೆಂದು ಕರೆಯುವುದೂ ದೀಪದಾನವನ್ನು ಪುಣ್ಯಕಾರ್ಯವೆಂದು ಎಣಿಸುವುದೂ ಈ ಭಾವನೆಯಿಂದಲೇ. ಬುಡ್ಡಿದೀಪದ ಮುಂದೆ ಕುಳಿತು ಓದಿದ ತಲೆಮಾರಿಗೆ ವಿದ್ಯುದ್ದೀಪವು ಬರಿಯ ಸೌಕರ್ಯವಾಗಿರಲಿಲ್ಲ; ಬದುಕಿನ ದಿಕ್ಕನ್ನೇ ಬದಲಿಸಿದ ಭಾಗ್ಯವಾಗಿತ್ತು. ಹೀಗಿರುವಾಗ ಕತ್ತಲೆಯೂ ಜೀವಕ್ಕೆ ಅವಶ್ಯಕ, ಬೆಳಕೂ ಒಮ್ಮೊಮ್ಮೆ ಬಾಧಕ ಎಂದರೆ ಹಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಮೀನಿನ ಮೊಟ್ಟೆಯೊಳಗಿನ ಭ್ರೂಣವನ್ನು ಕುರಿತು ವಿಜ್ಞಾನಿಗಳು ಕಂಡುಕೊಂಡಿರುವ ಸಂಗತಿಗಳು ಈ ಮಾತನ್ನೇ ಸಮರ್ಥಿಸುತ್ತವೆ. ಕೆರೆಯ ಏರಿಯ ಮೇಲೆ ಸಾಲುದೀಪ ನಿಲ್ಲಿಸುವ ಉತ್ಸಾಹ ಊರಿಂದೂರಿಗೆ ಹಬ್ಬುತ್ತಿರುವ ಈ ಕಾಲದಲ್ಲಿ ಅವನ್ನು ಅರಿತುಕೊಳ್ಳುವುದು ವಿದ್ಯಾವಂತರ ಕರ್ತವ್ಯವಾಗಿದೆ.

ಹಸುವಿನ ಕರು ತಾಯಿಯ ಗರ್ಭದ ಕತ್ತಲೆಯಲ್ಲಿ ಬೆಳೆಯುತ್ತದೆ. ಕೋಳಿಯ ಮರಿಗೆ ಸುಣ್ಣದ ಚಿಪ್ಪಿನ ಮರೆಯೂ ತಾಯಿಯ ರೆಕ್ಕೆಯ ಮರೆಯೂ ಉಂಟು. ಬಹುಪಾಲು ಮೀನುಗಳ ಭ್ರೂಣಕ್ಕೆ ಇಂತಹ ಯಾವ ಮರೆಯೂ ಇಲ್ಲ. ಅದರ ಹೊದಿಕೆ ಗಾಜಿನಂತೆ ಪಾರದರ್ಶಕ. ಗಂಗಾ ಬಯಲಿನ ಪುಟ್ಟ ಪಟ್ಟೆಮೀನೊಂದನ್ನು ಫ್ರಾನ್ಸಿಸ್ ಹ್ಯಾಮಿಲ್ಟನ್ ಎಂಬ ಪಂಡಿತನು 1822ರಲ್ಲಿ ಮೊದಲಿಗೆ ವರ್ಣಿಸಿದನು. ಜೀಬ್ರಾ ಮೀನೆಂದು ಹೆಸರಾದ ಇದು ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಇದೆ. ಮೊಟ್ಟೆಯಿಟ್ಟ ಮರುದಿನವೇ ಸೂಕ್ಷ್ಮದರ್ಶಕದ ಕೆಳಗೆ ಅದರ ಭ್ರೂಣದ ಹೃದಯ ಮಿಡಿಯುವುದು ಕಾಣುತ್ತದೆ. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಈ ಮೀನಿನ ಜೀವಕೋಶಗಳು ಬೆಳಕನ್ನರಿಯಲು ಕಣ್ಣನ್ನೇ ಕಾಯುವುದಿಲ್ಲ. ದೇಹದಿಂದ ಬೇರ್ಪಡಿಸಿ ತಟ್ಟೆಯಲ್ಲಿಟ್ಟ ಹೃದಯದ, ಮೂತ್ರಪಿಂಡದ ಅಂಗಾಂಶಗಳೂ ಬೆಳಕು ಕತ್ತಲೆಗಳಿಗೆ ತಕ್ಕಂತೆ ತಮ್ಮ ಒಳಗಡಿಯಾರವನ್ನು ಹೊಂದಿಸಿಕೊಳ್ಳುವುದನ್ನು 2000ದಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಂದಮೇಲೆ ಮೀನಿಗೆ ಬೆಳಕು ಬರಿಯ ನೋಟದ ಸಾಧನವಲ್ಲ; ಮೈಯೆಲ್ಲ ಕೇಳಿಸಿಕೊಳ್ಳುವ ಒಂದು ಆಜ್ಞೆ.

ಆ ಆಜ್ಞೆಯ ಭಾಷೆಯನ್ನು ಪ್ರಕೃತಿಯು ಕೋಟ್ಯಂತರ ವರ್ಷಗಳಿಂದ ಕಲಿಸಿದೆ. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಬೀದಿದೀಪದ ಕೆಳಗೋ, ಹತ್ತಿಪ್ಪತ್ತು ಲಕ್ಸ್ ಸಾಮಾನ್ಯ. ಮನುಷ್ಯನ ಕಣ್ಣಿಗೆ ಮಂದವಾಗಿ ತೋರುವ ಈ ದೀಪವು ನೀರಿನ ಜೀವಿಗೆ ಹುಣ್ಣಿಮೆಯ ಹತ್ತಾರು ಪಟ್ಟು ಪ್ರಖರವಾದ, ಎಂದೂ ಮುಳುಗದ ಚಂದ್ರನಿದ್ದಂತೆ.

ಇದರ ಪರಿಣಾಮವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ್ದು ಆಸ್ಟ್ರೇಲಿಯದ ಸಂಶೋಧಕಿ ಎಮಿಲಿ ಫೋಬರ್ಟ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗ. ಹವಳದ ದಿಬ್ಬಗಳಲ್ಲಿ ಬಾಳುವ ಕ್ಲೌನ್ ಮೀನಿನ ಹತ್ತು ಜೋಡಿಗಳನ್ನು ಅವರು ಆರಿಸಿಕೊಂಡರು. ಐದು ಜೋಡಿಗಳಿಗೆ ಸಹಜವಾದ ಹಗಲು ಇರುಳುಗಳನ್ನು ಒದಗಿಸಿದರು. ಉಳಿದ ಐದಕ್ಕೆ ಇರುಳಿನಲ್ಲಿ ಕರಾವಳಿಯ ದೀಪಗಳನ್ನು ಹೋಲುವ 26.5 ಲಕ್ಸ್ ಬೆಳಕನ್ನು ಹಾಯಿಸಿದರು. ದೀಪದ ಕೆಳಗಿನ ಜೋಡಿಗಳೂ ಎಂದಿನಂತೆ ಮೊಟ್ಟೆಯಿಟ್ಟವು. ಮೊಟ್ಟೆಗಳು ಫಲಿತವೂ ಆದವು. ಆದರೆ ಒಂದು ಮೊಟ್ಟೆಯೂ ಒಡೆದು ಮರಿಯಾಗಲಿಲ್ಲ. ಇರುಳಿನ ದೀಪವನ್ನು ತೆಗೆದು ಮತ್ತೆ ಕತ್ತಲೆಯನ್ನು ಒದಗಿಸಿದಾಗ, ಅನಂತರದ ಮೊಟ್ಟೆಗಳಿಂದ ಮರಿಗಳು ಮೊದಲಿನಂತೆ ಹೊರಬಂದವು.

ಬೆಳೆದ ಭ್ರೂಣ ಹೊರಬಾರದಿರಲು ಕಾರಣವೇನು? ಮೊಟ್ಟೆಯ ಹೊದಿಕೆಯನ್ನು ಕರಗಿಸಲು ಭ್ರೂಣವು ತನ್ನದೇ ಗ್ರಂಥಿಗಳಿಂದ ಕಿಣ್ವವೊಂದನ್ನು ಸ್ರವಿಸುತ್ತದೆ. ಹಲವು ಮೀನುಗಳಲ್ಲಿ ಆ ಸ್ರಾವಕ್ಕೆ ಕತ್ತಲೆಯೇ ಸಂಕೇತ. ಇರುಳಿನಲ್ಲಿ ಹೊರಬಂದ ಮರಿಯು ಕಣ್ಣಿನಿಂದ ಬೇಟೆಯಾಡುವ ದೊಡ್ಡ ಮೀನುಗಳಿಗೆ ಕಾಣದಂತೆ ತೇಲಿ ಪಾರಾಗಬಹುದು. ಆದುದರಿಂದಲೇ ಈ ವ್ಯವಸ್ಥೆ. ನಾರ್ವೆಯ ಸಂಶೋಧಕರು 1992ರಲ್ಲಿ ಹ್ಯಾಲಿಬಟ್ ಮೀನಿನ ಮೊಟ್ಟೆಗಳನ್ನು ಎಡೆಬಿಡದೆ ಬೆಳಕಿನಲ್ಲಿಟ್ಟು ಮರಿಯಾಗುವಿಕೆಯನ್ನು ತಡೆಹಿಡಿಯಬಹುದೆಂದೂ ಕತ್ತಲೆಗೆ ಸಾಗಿಸಿದರೆ ಅವು ಒಟ್ಟಾಗಿ ಒಡೆಯುವುವೆಂದೂ ತೋರಿಸಿದರು. ಮರಿ ಉತ್ಪಾದಿಸುವವನ ಕೈಯಲ್ಲಿ ಈ ಬೆಳಕು ಉಪಯುಕ್ತವಾದ ಕಡಿವಾಣ. ಆರಿಸುವವರಿಲ್ಲದ ದಡದ ದೀಪವಾದರೋ ಸಡಿಲಿಸುವವರಿಲ್ಲದ ಕಡಿವಾಣ.

ಮತ್ತೆ ಕೆಲವು ಮೀನುಗಳಲ್ಲಿ ಹಾನಿಯ ರೂಪವೇ ಬೇರೆ. ಸಾಲ್ಮನ್, ಟ್ರೌಟ್ ಮೀನುಗಳು ಹೊಳೆಯ ತಳದ ಜಲ್ಲಿಯೊಳಗೆ ಮೊಟ್ಟೆಗಳನ್ನು ಹೂಳುತ್ತವೆ. ಅಂತಹ ಟ್ರೌಟ್ ಮೊಟ್ಟೆಗಳಿಗೆ ಕೊಳವೆ ದೀಪದ ಬೆಳಕು ಮಾರಕವಾಗಬಲ್ಲುದೆಂದು ಅಮೆರಿಕದಲ್ಲಿ 1962ರಷ್ಟು ಹಿಂದೆಯೇ ವರದಿಯಾಗಿತ್ತು. ಇಂಗ್ಲೆಂಡಿನಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 12 ಲಕ್ಸಿನ ಬೀದಿದೀಪದ ಬೆಳಕಿಗೆ ಒಡ್ಡಿದ ಸಾಲ್ಮನ್ ಮರಿಗಳು ಜಲ್ಲಿಯಿಂದೆದ್ದು ಚದುರಲು ಸರಾಸರಿ ಮೂರು ದಿನಗಳಷ್ಟು ತಡಮಾಡಿದವು. ಇರುಳಿನಲ್ಲೇ ಹೊರಡುವ ಅವುಗಳ ಶಿಸ್ತೂ ಕೆಟ್ಟಿತು. ಮೂರು ದಿನ ಮನುಷ್ಯನಿಗೆ ಅಲ್ಪವಾಗಿರಬಹುದು. ಆಹಾರವನ್ನೂ ನೆಲೆಯನ್ನೂ ಮೊದಲು ಹಿಡಿದುಕೊಂಡವನೇ ಉಳಿಯುವ ಹೊಳೆಯಲ್ಲಿ ಅದು ಅಲ್ಪವಲ್ಲ.

ಹಾಗೆಂದು ಬೆಳಕೇ ವಿಷವೆಂದು ಸಾರುವುದು ಅವಿವೇಕ. ಜೀಬ್ರಾ ಮೀನಿನ ಭ್ರೂಣಗಳು ಬೆಳವಣಿಗೆಯ ಮೊದಲ ಗಂಟೆಗಳಲ್ಲಿ ಬೆಳಕನ್ನು ಪಡೆದರೆ, ಅತಿನೇರಳೆ ಕಿರಣಗಳಿಂದ ಒದಗುವ ಹಾನಿಯನ್ನು ಸರಿಪಡಿಸಿಕೊಳ್ಳುವ ಶಕ್ತಿಯನ್ನು ಗಳಿಸುತ್ತವೆಯೆಂದೂ ಕತ್ತಲೆಯಲ್ಲೇ ಇಟ್ಟವು ಹೆಚ್ಚಾಗಿ ಸಾಯುತ್ತವೆಯೆಂದೂ ಲಂಡನ್ನಿನ ಸಂಶೋಧಕರು 2004ರಲ್ಲಿ ತೋರಿಸಿದ್ದಾರೆ. ಜರ್ಮನಿಯಲ್ಲಿ 2011ರಲ್ಲಿ ನಾಲ್ಕು ಜಾತಿಯ ಸಿಹಿನೀರಿನ ಮೀನುಗಳ ಮೊಟ್ಟೆಗಳನ್ನು ಪರೀಕ್ಷಿಸಿದಾಗ ಎಲ್ಲವೂ ಇರುಳ ಬೆಳಕಿಗೆ ಒಂದೇ ಬಗೆಯಾಗಿ ಪ್ರತಿಕ್ರಿಯಿಸಲಿಲ್ಲ. ಆದ್ದರಿಂದ ಹಗಲಿಗೆ ಹಗಲು, ಇರುಳಿಗೆ ಇರುಳು ಎಂಬ ಲಯವೇ ಇಲ್ಲಿ ಮುಖ್ಯ. ಕೆಡುಕು ಬೆಳಕಿನಲ್ಲಿಲ್ಲ, ಹೊತ್ತು ತಪ್ಪಿದ ಬೆಳಕಿನಲ್ಲಿದೆ.

ಕರ್ನಾಟಕದ ಕೆರೆಗಳಿಗೆ ಈ ವಿಚಾರ ದೂರದ್ದಲ್ಲ. ಮುಂಗಾರಿನ ಹೊಸನೀರು ಬಂದಾಗ ಕೊರವ ಮೀನುಗಳು ದಡದ ಜೊಂಡಿನ ನಡುವೆ ತುಸು ತಾಣವನ್ನು ಸ್ವಚ್ಛಮಾಡಿಕೊಂಡು ಮೊಟ್ಟೆಯಿಡುತ್ತವೆ. ಆ ಮೊಟ್ಟೆಗಳು ನೀರಿನ ಮೇಲೆಯೇ ತೇಲುತ್ತವೆ. ತಾಯಿತಂದೆಗಳು ಕೆಳಗಿದ್ದು ಕಾವಲು ಕಾಯುತ್ತವೆ. ಹದ್ದಿನಿಂದಲೋ ಹಾವಿನಿಂದಲೋ ಕಾಯಬಹುದು. ಏರಿಯ ಮೇಲಿನ ದೀಪಸ್ತಂಭದಿಂದ ಕಾಯುವ ಬಗೆ ಅವುಗಳಿಗೆ ತಿಳಿಯದು. ದಡದಂಚಿನ ಆಳವಿಲ್ಲದ ನೀರೇ ಅನೇಕ ಮೀನುಗಳ ತೊಟ್ಟಿಲು. ದೀಪದ ಬೆಳಕು ಮೊದಲು ಬೀಳುವುದೂ ಅಲ್ಲಿಗೇ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನುಗಳನ್ನು ಹಿಡಿಯದೆ ಕಾಪಾಡಿಕೊಂಡು ಬಂದಿರುವ ನಾಡು ಇದು. ಗಾಳದಿಂದ ಕಾಪಾಡುವ ಔದಾರ್ಯವುಳ್ಳವರಿಗೆ ಇರುಳನ್ನು ಕಾಪಾಡುವುದು ಕಷ್ಟವಾಗಲಾರದು.

ಕೆರೆಯ ಏರಿಯ ಮೇಲೆ ಹಾವು ಹುಪ್ಪಟೆಗಳ ಭಯವಿಲ್ಲವೇ, ಸಂಜೆ ಮನೆಗೆ ಮರಳುವ ಹೆಣ್ಣುಮಕ್ಕಳಿಗೆ ದೀಪ ಬೇಡವೇ ಎಂದು ಕೇಳುವವರ ಮಾತು ನ್ಯಾಯವಾದುದೇ. ಮನುಷ್ಯನ ಕ್ಷೇಮವನ್ನು ಬಲಿಗೊಟ್ಟು ಮೀನನ್ನು ಉಳಿಸಬೇಕೆಂದು ಯಾರೂ ಹೇಳಲಾರರು. ಆದರೆ ದಾರಿಗೆ ಬೇಕಾದ ಬೆಳಕು ದಾರಿಯ ಮೇಲೆ ಬಿದ್ದರೆ ಸಾಕು. ನೀರಿನ ಮೇಲೆ ಬೀಳಬೇಕಾಗಿಲ್ಲ. ದೀಪಕ್ಕೆ ಮೇಲ್ಮುಚ್ಚಳವಿಟ್ಟು, ಕಂಬವನ್ನು ತಗ್ಗಿಸಿ, ನೀರಿಗೆ ಬೆನ್ನುಮಾಡಿ ನಿಲ್ಲಿಸಬಹುದು. ಜನಸಂಚಾರ ನಿಂತ ಮೇಲೆ ಆರಿಸಬಹುದು. ಬರಿಯ ಅಲಂಕಾರಕ್ಕಾಗಿ ಕೆರೆಯ ನಡುವಿನ ದ್ವೀಪಕ್ಕೂ ಜೊಂಡಿಗೂ ದೀಪ ಹಾಯಿಸುವುದನ್ನಂತೂ ಸಂಪೂರ್ಣವಾಗಿ ಬಿಡಬಹುದು. ಇದಕ್ಕೆಲ್ಲ ಹೆಚ್ಚು ಹಣ ಬೇಕಾಗಿಲ್ಲ. ವಿದ್ಯುತ್ತಿನ ವೆಚ್ಚವೇ ಉಳಿದೀತು.

ಹುಟ್ಟೂರಿಗೆ ಏನಾದರೂ ಮಾಡಬೇಕೆಂಬ ಹಂಬಲದಿಂದ ಬರುವ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಎತ್ತರದ ದೀಪಸ್ತಂಭವು ಕಣ್ಣಿಗೆ ಕಾಣುವ ಕೊಡುಗೆ. ನೆಟ್ಟ ದಿನವೇ ಹೆಸರು ಬೆಳಗುತ್ತದೆ. ಕಾಪಾಡಿದ ಕತ್ತಲೆಗೆ ಫಲಕವಿಲ್ಲ, ಉದ್ಘಾಟನೆಯಿಲ್ಲ. ಆದರೂ ದಾನದ ಮೌಲ್ಯವನ್ನು ಅಳೆಯಬೇಕಾದುದು ಅದನ್ನು ಪಡೆಯುವ ಜೀವದ ಕಡೆಯಿಂದ. ಶಾಲೆಯ ವಿಜ್ಞಾನ ಶಿಕ್ಷಕರು ಮಕ್ಕಳನ್ನು ಒಂದು ಸಂಜೆ ಕೆರೆಯ ದಡಕ್ಕೆ ಕರೆದೊಯ್ದು, ಯಾವ ದೀಪದ ಬೆಳಕು ದಾರಿಗೆ ಬೀಳುತ್ತದೆ, ಯಾವುದು ನೀರಿಗೆ ಬೀಳುತ್ತದೆ ಎಂದು ಎಣಿಸಿ ಬರೆಸಿದರೆ, ಅದೊಂದು ಉತ್ತಮ ಪಾಠವಾದೀತು. ಪಂಚಾಯಿತಿಯ ಮುಂದಿಡಲು ಒಂದು ಮನವಿಯೂ ಸಿದ್ಧವಾದೀತು. ದೀಪ ಹಚ್ಚುವುದನ್ನು ಕಲಿಸಿದ ವಿದ್ಯೆಯು ಅದನ್ನು ಎಲ್ಲಿ ಹಚ್ಚಬೇಕು, ಎಷ್ಟು ಹೊತ್ತಿಗೆ ಆರಿಸಬೇಕು ಎಂಬುದನ್ನೂ ಕಲಿಸಬೇಕು. ಆಗಲೇ ಆ ವಿದ್ಯೆ ಪೂರ್ಣವಾಗುತ್ತದೆ.