ಹುಡುಗಿಯರ ಆಟ

ಕನ್ನಡದಲ್ಲಿ ‘ಹುಡುಗಾಟ’ ಎಂಬ ಮಾತುಂಟು. ಗಂಭೀರವಲ್ಲದ ನಡವಳಿಕೆಗೆ ನಾವು ಅದನ್ನು ಬಳಸುತ್ತೇವೆ. ಆದರೆ ಆ ಮಾತಿನೊಳಗೆ ಇನ್ನೊಂದು ತೀರ್ಪೂ ಅಡಗಿದೆ: ಆಟವೆಂಬುದು ಹುಡುಗನ ಸೊತ್ತು, ಅವನು ಆಡಿದರೆ ಲೋಕ ನಕ್ಕು ಕ್ಷಮಿಸುತ್ತದೆ. ಇದಕ್ಕೆ ಜೋಡಿಯಾಗಿ ಹುಡುಗಿಯ ಹೆಸರಿನಲ್ಲಿ ಒಂದು ಶಬ್ದವನ್ನು ನಮ್ಮ ಭಾಷೆ ಹುಟ್ಟಿಸಲಿಲ್ಲ. ಅಳಿಗುಳಿಮಣೆ, ಚೌಕಾಬಾರ, ಕುಂಟಬಿಲ್ಲೆಗಳು ಅವಳಿಗಿದ್ದುವು, ದಿಟ. ಅವೆಲ್ಲ ಹಜಾರ ಅಂಗಳಗಳ ಮೇರೆಯನ್ನು ಮೀರಿದವಲ್ಲ. ಬಯಲಿನಲ್ಲಿ ಧೂಳೆಬ್ಬಿಸಿ ಓಡುವ, ಎದುರಾಳಿಯನ್ನು ಹಿಡಿದು ಕೆಡಹುವ ಆಟ ಅವಳದಲ್ಲವೆಂದೇ ಸಮಾಜ ಬಗೆದಿತ್ತು. ಈ ಬಗೆ ನಮ್ಮ ನಾಡಿಗಷ್ಟೇ ಮೀಸಲಾದುದೇನೂ ಅಲ್ಲ. ಶಾಂತಸಾಗರದ ನಡುವಣ ಫಿಜಿ ದ್ವೀಪಗಳಲ್ಲಿಯೂ ಅದು ಬೇರೂರಿತ್ತು. ಆ ದೇಶದ ಮಹಿಳಾ ರಗ್ಬಿ ತಂಡದ ಏಳುಬೀಳುಗಳು ಈಚಿನ ವರ್ಷಗಳಲ್ಲಿ ನಮಗೆ ಕಲಿಸುವ ಪಾಠವನ್ನು ಇಲ್ಲಿ ಕೊಂಚ ವಿಚಾರ ಮಾಡುವುದು ಅಪ್ರಸ್ತುತವಾಗಲಾರದು.

ಹದಿನೈದು ಮಂದಿಯ ರಗ್ಬಿಯಿಂದ ಕವಲೊಡೆದ ಏಳು ಮಂದಿಯ ಆಟವನ್ನು ‘ಸೆವೆನ್ಸ್’ ಎನ್ನುತ್ತಾರೆ. 1883ರಲ್ಲಿ ಸ್ಕಾಟ್ಲೆಂಡಿನ ಮೆಲ್‌ರೋಸ್ ಎಂಬ ಸಣ್ಣ ಊರಿನಲ್ಲಿ ಇದು ಹುಟ್ಟಿತು. ಮೈದಾನ ಹದಿನೈದು ಮಂದಿಯದೇ, ಆಡುವವರು ಮಾತ್ರ ಏಳು ಮಂದಿ; ಆದುದರಿಂದ ಪ್ರತಿಯೊಬ್ಬರೂ ಇಬ್ಬರ ನೆಲವನ್ನು ಕಾಯಬೇಕು. ಏಳೇಳು ನಿಮಿಷಗಳ ಎರಡು ಅವಧಿ, ನಡುವೆ ಎರಡು ನಿಮಿಷಗಳ ವಿರಾಮ. ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ 5 ಅಂಕ, ಅನಂತರದ ಒದೆತ ಕಂಬಗಳ ನಡುವೆ ಹಾದರೆ ಇನ್ನೆರಡು. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಹಿಂದಿನವರಿಗೇ ಕೊಡಬೇಕು. ನಮ್ಮ ಕಬಡ್ಡಿಯನ್ನು ಕಂಡವರಿಗೆ ಏಳರ ಎಣಿಕೆಯೂ ಮೈಮೇಲೆ ಬೀಳುವ ಕೆಚ್ಚೂ ಹೊಸದೆನಿಸದು.

ಫಿಜಿ ಎಂದರೆ ನಮ್ಮವರಿಗೆ ನೆನಪಾಗುವುದು ಗಿರ್ಮಿಟ್ ಕೂಲಿಗಳ ದುಃಖದ ಚರಿತ್ರೆ. 1879ರಿಂದ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರು ಕಬ್ಬಿನ ತೋಟಗಳಿಗಾಗಿ ಹಡಗೇರಿ ಅಲ್ಲಿಗೆ ಹೋದರು. ಇಂದಿಗೂ ಆ ದೇಶದ ಜನಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿಲ್ಲ. ಅಂಥ ಪುಟ್ಟ ನಾಡಿಗೆ ರಗ್ಬಿಯೆಂಬುದು ಆಟ ಮಾತ್ರವಲ್ಲ, ಜಗತ್ತಿನೆದುರು ತಲೆಯೆತ್ತಿ ನಿಲ್ಲುವ ಒಂದು ಸಾಧನ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಅದರ ಪುರುಷರ ತಂಡ ಗ್ರೇಟ್ ಬ್ರಿಟನ್ನನ್ನು 43–7ರಿಂದ ಸೋಲಿಸಿ ಚಿನ್ನ ಗೆದ್ದಿತು. ಅದು ಫಿಜಿಗೆ ಬಂದ ಮೊಟ್ಟಮೊದಲ ಒಲಿಂಪಿಕ್ ಪದಕ. ದೇಶದ ರಿಸರ್ವ್ ಬ್ಯಾಂಕು ಆ ನೆನಪಿಗಾಗಿ ಏಳು ಡಾಲರಿನ ವಿಶೇಷ ನೋಟನ್ನೇ ಅಚ್ಚು ಹಾಕಿಸಿತು. ಅದೇ ರಿಯೋದಲ್ಲಿ ‘ಫಿಜಿಯಾನಾ’ ಎಂದು ಹೆಸರಾದ ಮಹಿಳಾ ತಂಡವೂ ಆಡಿತ್ತು. ಕ್ವಾರ್ಟರ್ ಫೈನಲ್ಲಿನಲ್ಲಿ ಬ್ರಿಟನ್ನಿಗೇ ಸೋತು ಹಿಂದಿರುಗಿತು. ರಗ್ಬಿ ಹೆಣ್ಣಿನ ಆಟವಲ್ಲವೆಂಬ ಮನೆಮಂದಿಯ ಮಾತನ್ನು ಎದುರಿಸಿಯೇ ಆ ಆಟಗಾರ್ತಿಯರಲ್ಲಿ ಹಲವರು ಮೈದಾನಕ್ಕೆ ಬಂದಿದ್ದರು. ಗಂಡುಮಕ್ಕಳಿಗೆ ಊರೇ ತರಬೇತಿನ ಶಾಲೆಯಾಗಿದ್ದ ನಾಡಿನಲ್ಲಿ ಹೆಣ್ಣುಮಕ್ಕಳಿಗೆ ಊರೇ ಮೊದಲನೆಯ ಎದುರಾಳಿಯಾಗಿತ್ತೆಂದರೆ ಅತಿಶಯೋಕ್ತಿಯಾಗದು.

ಐದು ವರ್ಷಗಳ ಬಳಿಕ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ, ಪ್ರೇಕ್ಷಕರಿಲ್ಲದ ಕ್ರೀಡಾಂಗಣದಲ್ಲಿ, ಈ ತಂಡ ಲೋಕವನ್ನು ಬೆರಗುಗೊಳಿಸಿತು. ರಿಯೋದ ಚಿನ್ನದ ಪದಕ ಗೆದ್ದಿದ್ದ ಆಸ್ಟ್ರೇಲಿಯವನ್ನು 14–12ರಿಂದ ಕೆಡವಿತು. ಸೆಮಿಫೈನಲ್ಲಿನಲ್ಲಿ ನ್ಯೂಜಿಲೆಂಡಿನೊಡನೆ ಸಮಸಮನಾಗಿ ಹೋರಾಡಿ, ಹೆಚ್ಚುವರಿ ಅವಧಿಯಲ್ಲಿ 22–17ರಿಂದ ಸೋತಿತು. ಅಂಥ ಸೋಲಿನ ನೋವು ಆರುವ ಮುನ್ನವೇ, ಅದೇ ದಿನ ಮತ್ತೆ ಕಣಕ್ಕಿಳಿದು, ರೂಸಿಲಾ ನಂಗಾಸೌ ಅವರ ನಾಯಕತ್ವದಲ್ಲಿ ಬ್ರಿಟನ್ನನ್ನು 21–12ರಿಂದ ಗೆದ್ದು ಕಂಚನ್ನು ತನ್ನದಾಗಿಸಿಕೊಂಡಿತು. ಫಿಜಿಯ ಮಹಿಳೆಯರಿಗೆ ದೊರೆತ ಮೊದಲನೆಯ ಒಲಿಂಪಿಕ್ ಪದಕವದು. ಮರುವರ್ಷ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿಯೂ ಬಂದಿತು. ಹದಿನೈದು ಮಂದಿಯ ಆಟದಲ್ಲಿ ಫಿಜಿಯಾನಾ ದ್ರುವಾ ತಂಡವು ಆಸ್ಟ್ರೇಲಿಯದ ‘ಸೂಪರ್ ಡಬ್ಲ್ಯೂ’ ಪಂದ್ಯಾವಳಿಗೆ ಕಾಲಿಟ್ಟ 2022ರಲ್ಲೇ ಒಂದೂ ಪಂದ್ಯ ಸೋಲದೆ ಪ್ರಶಸ್ತಿಯನ್ನೆತ್ತಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಪಾಠಪುಸ್ತಕಕ್ಕೆ ಒಪ್ಪುವ ಗೆಲವಿನ ಗಾಥೆಯಾಗುತ್ತಿತ್ತು. ಆದರೆ 2024ರ ಪ್ಯಾರಿಸ್ಸಿನಲ್ಲಿ ಇದೇ ದೇಶದ ಮಹಿಳೆಯರು ಒಂದು ಪಂದ್ಯವನ್ನೂ ಗೆಲ್ಲಲಾಗದೆ ಹನ್ನೆರಡು ತಂಡಗಳಲ್ಲಿ ಕೊನೆಯವರಾದರು. ಅಲ್ಲಿಯೇ ಪುರುಷರು ಬೆಳ್ಳಿ ಪಡೆದರು. ಮೂರೇ ವರ್ಷಗಳಲ್ಲಿ ಕಂಚಿನಿಂದ ಕಡೆಯ ಸ್ಥಾನಕ್ಕೆ! ಇಂಥ ವೇಳೆಯಲ್ಲಿಯೇ ಹಳೆಯ ಮಾತು ಮತ್ತೆ ತಲೆಯೆತ್ತುವುದು: ‘ನಾವು ಮೊದಲೇ ಹೇಳಿರಲಿಲ್ಲವೆ? ಇದು ಹೆಣ್ಣುಮಕ್ಕಳ ಆಟವಲ್ಲ.’ ಗಂಡಸರು ಸೋತರೆ ತಂಡ ಸೋಲುತ್ತದೆ. ಹೆಂಗಸರು ಸೋತರೆ ಹೆಣ್ತನವೇ ಸೋತಂತೆ ಲೆಕ್ಕ ಹಾಕುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಈ ಲೆಕ್ಕದ ಅನ್ಯಾಯವನ್ನೇ ನಾವಿಲ್ಲಿ ಎತ್ತಿ ತೋರಬಯಸುವುದು.

ಗೆಲವು ಆಕಾಶದಿಂದ ಉದುರುವುದಿಲ್ಲ. ಸೆವೆನ್ಸ್ ಆಟವನ್ನು ಒಲಿಂಪಿಕ್ಸಿಗೆ ಸೇರಿಸಿಕೊಳ್ಳುವ ತೀರ್ಮಾನ 2009ರಲ್ಲಿ ಆಯಿತು. ಅದನ್ನು ಕಂಡ ನ್ಯೂಜಿಲೆಂಡ್, 2012ರಲ್ಲಿಯೇ ದೇಶದಾದ್ಯಂತ ಹುಡುಕಾಟ ನಡೆಸಿ, ಬೇರೆ ಬೇರೆ ಆಟಗಳಲ್ಲಿ ಪಳಗಿದ ತರುಣಿಯರನ್ನು ರಗ್ಬಿಗೆ ಕರೆತಂದಿತು. ನೆಟ್‌ಬಾಲ್ ಆಡುತ್ತಿದ್ದ ಪೋರ್ಷಿಯಾ ವುಡ್‌ಮನ್ ಹಾಗೆ ಬಂದವರಲ್ಲಿ ಒಬ್ಬರು. ಆ ಶ್ರಮದ ಫಲವಾಗಿ 2016ರಲ್ಲಿ ಬೆಳ್ಳಿ, 2021ರಲ್ಲಿ ಚಿನ್ನ, 2024ರಲ್ಲಿ ಮತ್ತೆ ಚಿನ್ನ. ಅತ್ತ ಅಮೆರಿಕದ ಮಹಿಳೆಯರು ಪ್ಯಾರಿಸ್ಸಿನಲ್ಲಿ ಕೊನೆಯ ಗಳಿಗೆಯ ಓಟದಿಂದ ಆಸ್ಟ್ರೇಲಿಯವನ್ನು 14–12ರಿಂದ ಸೋಲಿಸಿ ಕಂಚು ಗೆದ್ದೊಡನೆ, ಮಿಶೆಲ್ ಕ್ಯಾಂಗ್ ಎಂಬ ಉದ್ಯಮಿ 40 ಲಕ್ಷ ಡಾಲರುಗಳ ಕೊಡುಗೆ ಸಾರಿದರು. ಆ ದಾನ ಸ್ತುತ್ಯವಾದುದೇ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಆ ಕೊನೆಯ ಓಟದಲ್ಲಿ ಕಾಲು ಜಾರಿದ್ದರೆ? ಮೊದಲನೆಯದು ಬಿತ್ತನೆಯ ಕಾಲಕ್ಕೆ ಹೊಯ್ದ ನೀರು. ಎರಡನೆಯದು ತೆನೆ ಕಂಡ ಮೇಲೆ ಸುರಿದ ಮಳೆ. ಯಾವುದರಿಂದ ಬೆಳೆ ನಿಲ್ಲುವುದೆಂಬುದನ್ನು ಒಕ್ಕಲಿಗನಿಗೆ ಹೇಳಿಕೊಡಬೇಕಾಗಿಲ್ಲ.

ಬಡ ದೇಶಗಳಿಗೆ ಈ ಉಪದೇಶ ಸಲ್ಲದು, ಅನ್ನವಸ್ತ್ರಗಳ ಚಿಂತೆಯಿರುವಲ್ಲಿ ಆಟಕ್ಕೆ ಹಣವೆಲ್ಲಿ ಎಂದು ಕೆಲವರು ಕೇಳಬಹುದು. ಆಕ್ಷೇಪ ಸಾಧುವಾದುದೇ. ಆದರೆ ಪುರುಷರ ತಂಡವನ್ನು ಕಟ್ಟುವಾಗ ಈ ಆಕ್ಷೇಪ ಏಕೆ ಕೇಳಿಬರುವುದಿಲ್ಲ? ಇರುವುದು ಒಂದೇ ರೊಟ್ಟಿಯಾದರೆ ಹಂಚಿಕೊಂಡು ತಿನ್ನಬೇಕು. ಅಣ್ಣನಿಗೆ ಬಡಿಸಿ ಉಳಿದರೆ ತಂಗಿಗೆ ಎಂಬ ಪದ್ಧತಿ ಬಡತನದ್ದಲ್ಲ, ರೂಢಿಯದು. ಅದಲ್ಲದೆ ಮೊಟ್ಟಮೊದಲು ಬೇಕಾದುದು ಹಣವೂ ಅಲ್ಲ; ಸಂಜೆ ಹೊತ್ತು ಒಂದಿಷ್ಟು ಬಿಡುವು, ಮನೆಯವರ ಒಪ್ಪಿಗೆ, ನಗದೆ ನೋಡುವ ನೆರೆಹೊರೆ.

ನಮ್ಮ ದೇಶದ ಮಹಿಳೆಯರು ಕಬಡ್ಡಿಯಲ್ಲಿ 2010 ಮತ್ತು 2014ರ ಏಷ್ಯನ್ ಕ್ರೀಡೆಗಳ ಚಿನ್ನ ಗೆದ್ದು, 2018ರಲ್ಲಿ ಇರಾನಿಗೆ ಸೋತು, 2023ರಲ್ಲಿ ಹಾಂಗ್‌ಝೌ ನಗರದಲ್ಲಿ ಆ ಚಿನ್ನವನ್ನು ಮರಳಿ ಪಡೆದರು. ಸೋತ ಮೇಲೂ ಆಟ ನಿಲ್ಲದಿದ್ದುದರಿಂದ ಅದು ಸಾಧ್ಯವಾಯಿತು. ಆದರೆ ಆ ಗೆಲವಿನ ದಿನ ಹಿಗ್ಗುವ ನಾವು, ನಮ್ಮೂರ ಪ್ರೌಢಶಾಲೆಯ ಆಟದ ಬಯಲನ್ನು ಒಂದು ಸಂಜೆ ನಿಂತು ನೋಡಬೇಕು. ಅಲ್ಲಿ ಆಡುತ್ತಿರುವವರಲ್ಲಿ ಹುಡುಗಿಯರೆಷ್ಟು? ಎಂಟನೆಯ ತರಗತಿಯಲ್ಲಿ ಆಡುತ್ತಿದ್ದವಳು ಹತ್ತನೆಯ ತರಗತಿಗೆ ಬರುವಾಗ ಬಯಲಿನ ಅಂಚಿಗೆ ಸರಿದು ಪುಸ್ತಕದ ಚೀಲ ಕಾಯುವವಳಾಗಿದ್ದರೆ, ಅವಳನ್ನು ಅಲ್ಲಿ ಕೂರಿಸಿದವರು ಯಾರು? ಈ ಪುಟವನ್ನು ಓದುವ ಉಪಾಧ್ಯಾಯ ಬಂಧುಗಳು ಈ ಪ್ರಶ್ನೆಗೆ ತಮ್ಮ ತಮ್ಮ ಶಾಲೆಯಲ್ಲೇ ಉತ್ತರ ಹುಡುಕಿಯಾರೆಂದು ನಮ್ಮ ನಂಬಿಕೆ.

ಗೆದ್ದವರಿಗೆ ಹಾರ ಹಾಕುವುದು ಸುಲಭದ ಔದಾರ್ಯ. ಸೋಲುವ ಸ್ವಾತಂತ್ರ್ಯವನ್ನು, ಸೋತು ಮತ್ತೆ ಮೈದಾನಕ್ಕೆ ಬರುವ ಹಕ್ಕನ್ನು ಕೊಡುವುದೇ ನಿಜವಾದ ಸಮಾನತೆ. ಗಂಡುಮಕ್ಕಳಿಗೆ ಅದು ಕೇಳದೆಯೇ ದೊರೆತಿದೆ. ಫಿಜಿಯ ಆ ತಂಡದ ಯೋಗ್ಯತೆ ಟೋಕಿಯೋದ ಕಂಚಿನಿಂದ ಸ್ಥಾಪಿತವೂ ಆಗಲಿಲ್ಲ, ಪ್ಯಾರಿಸ್ಸಿನ ಸೋಲಿನಿಂದ ಅಳಿದೂ ಹೋಗಲಿಲ್ಲ. ಮುಂದೆ ಓಡುತ್ತಿರುವವಳು ಹಿಂದೆ ಬರುತ್ತಿರುವವಳ ಕೈಗೆ ಚೆಂಡನ್ನು ಒಪ್ಪಿಸುವುದು ಆ ಆಟದ ನಿಯಮ. ಹಿಂದೆ ಬರಲು ಹುಡುಗಿಯರಿದ್ದಾರೆ; ಅವರನ್ನು ಬಯಲಿಗೆ ಬಿಡುವ ಕೆಲಸ ಉಳಿದವರದು.