ಗೈಡಿನೊಳಗಿನ ಪ್ಲೇಟೋ

ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದವರು ನಮ್ಮ ನಾಡಿನಲ್ಲಿ ಊರಿಗೆ ಹತ್ತು ಜನ ಸಿಗುತ್ತಾರೆ. ಅವರಲ್ಲಿ ಪ್ಲೇಟೋನ ‘ರಿಪಬ್ಲಿಕ್’ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದವರು ಎಷ್ಟು ಮಂದಿ ಎಂದು ಕೇಳಿ ನೋಡಿ. ಕೇಳಿದವರಿಗೇ ತಲೆ ಸರಿಯಿಲ್ಲವೆಂದುಕೊಳ್ಳುತ್ತಾರೆ. ಓದದೆ ಪಾಸಾಗುವ ದಾರಿ ಇರುವಾಗ ಓದುವುದೇಕೆ? ನನ್ನ ತಕರಾರು ಇರುವುದು ಆ ದಾರಿಯ ಬಗ್ಗೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಓದಿದ್ದು ಬಿ.ಎ., ಬಿ.ಎಡ್. ಐವತ್ತು ದಾಟಿದ ಮೇಲೆ ದೂರಶಿಕ್ಷಣದಲ್ಲಿ ಎಂ.ಎ. ಕಟ್ಟಿದ್ದೇನೆ. “ಇನ್‌ಕ್ರಿಮೆಂಟ್ ಸಿಗುತ್ತದೆಯೇ ಮೇಡಂ?” ಎಂದು ಸಹೋದ್ಯೋಗಿಗಳು ಕೇಳುತ್ತಾರೆ. “ಮಗಳ ಮದುವೆ ಮಾಡುವ ಹೊತ್ತಿನಲ್ಲಿ ನಿನಗ್ಯಾಕಮ್ಮ ಇದೆಲ್ಲ?” ಎಂದು ನೆಂಟರು ಕೇಳುತ್ತಾರೆ. ನನಗೆ ಬೇಕಿದ್ದುದು ಉತ್ತರ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ಸಂವಿಧಾನ ಬರೆಯುವಾಗ ನಾವ್ಯಾರೂ ಹುಟ್ಟಿರಲಿಲ್ಲ, ನಮ್ಮನ್ನು ಯಾರೂ ಕೇಳಲಿಲ್ಲ. ಅದಕ್ಕೆ ನಾವ್ಯಾಕೆ ಬದ್ಧರಾಗಬೇಕು ಮಿಸ್?” ಎಂದು ಕೇಳಿದ್ದಳು. ಪಠ್ಯಪುಸ್ತಕದಲ್ಲಿ ಮೂಲಭೂತ ಹಕ್ಕುಗಳ ಪಟ್ಟಿಯಿದೆ, ಈ ಪ್ರಶ್ನೆಗೆ ಉತ್ತರವಿಲ್ಲ. 1651ರಲ್ಲಿ ಹಾಬ್ಸ್, 1689ರಲ್ಲಿ ಲಾಕ್, 1762ರಲ್ಲಿ ರೂಸೋ ತಲೆ ಕೆಡಿಸಿಕೊಂಡದ್ದು ಇದೇ ಪ್ರಶ್ನೆಗೆ. ಒಬ್ಬನ ಉತ್ತರ ಇನ್ನೊಬ್ಬನಿಗೆ ಒಪ್ಪಿಗೆಯಾಗಲಿಲ್ಲ.

ಆ ಜಗಳ ಎಂ.ಎ. ತರಗತಿಯಲ್ಲಿ ಸಿಗುತ್ತದೆ ಎಂದು ಹೋದರೆ ಸಿಕ್ಕಿದ್ದು ಜೆರಾಕ್ಸ್ ಅಂಗಡಿಯ ನೋಟ್ಸು. ಮೂವರಿಗೂ ಒಂದೇ ಅಚ್ಚು: ಜೀವನ ಚರಿತ್ರೆ, ನೈಸರ್ಗಿಕ ಸ್ಥಿತಿ, ಒಪ್ಪಂದ, ಐದು ಗುಣ, ಐದು ದೋಷ. ಉರು ಹೊಡೆದು ಬರೆದರೆ ಪ್ರಥಮ ದರ್ಜೆ. ಮುಂದೆ ಅಧ್ಯಾಪಕರಾಗಬೇಕೆನ್ನುವವರಿಗೆ ನೆಟ್ ಪರೀಕ್ಷೆ. 2012ರಿಂದ ಅದರ ಎಲ್ಲ ಪತ್ರಿಕೆಗಳೂ ಬಹು ಆಯ್ಕೆಯವೇ. ಯಾವ ಪುಸ್ತಕ ಯಾರದೆಂದು ಹೊಂದಿಸಿ ಬರೆಯುವುದೇ ತತ್ತ್ವಜ್ಞಾನವಾದರೆ ನಮ್ಮ ಐದನೆಯ ತರಗತಿಯ ಮಕ್ಕಳೂ ತತ್ತ್ವಜ್ಞಾನಿಗಳೇ.

ಮೂಲವನ್ನು ಓದದಿದ್ದರೆ ಏನು ನಷ್ಟ ಎನ್ನುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. ನಮ್ಮ ನೋಟ್ಸಿನಲ್ಲಿ ರೂಸೋ ಜನತೆಯ ಸಾರ್ವಭೌಮತ್ವದ ಹರಿಕಾರ. ‘ಸಾಮಾಜಿಕ ಒಪ್ಪಂದ’ ಬಂದ 1762ರಲ್ಲಿಯೇ ಅವನ ‘ಎಮಿಲ್’ ಕೂಡ ಬಂತು. ಅದರಲ್ಲಿ ಸೋಫಿ ಎಂಬ ಹುಡುಗಿಗೆ ಕೊಡುವ ಶಿಕ್ಷಣವೆಲ್ಲ ಗಂಡನಿಗೆ ಹಿತವಾಗಿರಲಿಕ್ಕೆ. ಜನತೆ ಎಂಬ ಮಾತಿನೊಳಗೆ ಅರ್ಧ ಜನ ಇರಲೇ ಇಲ್ಲ! 1792ರಲ್ಲಿ ಮೇರಿ ವೋಲ್‌ಸ್ಟನ್‌ಕ್ರಾಫ್ಟ್ ಎಂಬ ಹೆಣ್ಣುಮಗಳು ಇದನ್ನು ಎತ್ತಿ ಹಿಡಿದು ಝಾಡಿಸಿದಳು. ರೂಸೋಗಿಂತ ಎರಡು ಸಾವಿರ ವರ್ಷ ಹಿಂದಿನ ಪ್ಲೇಟೋ, ಯೋಗ್ಯತೆಯಿದ್ದರೆ ಹೆಣ್ಣೂ ರಾಜ್ಯವಾಳಬಹುದು ಎಂದಿದ್ದ. ಅವನ ಶಿಷ್ಯ ಅರಿಸ್ಟಾಟಲ್ ಒಪ್ಪಲಿಲ್ಲ. ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿದ್ದೇವೆ. ನಮ್ಮ ಬಗ್ಗೆಯೇ ನಡೆದ ಈ ವಾಗ್ವಾದ ನೋಟ್ಸಿನಲ್ಲಿ ಒಂದು ಸಾಲೂ ಇಲ್ಲ.

ಇನ್ನೊಂದು ಉದಾಹರಣೆ ನಮ್ಮದೇ ದೇಶದ್ದು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಕೊಟ್ಟ ಎಚ್ಚರಿಕೆ ಪ್ರಸಿದ್ಧವಾದದ್ದು. ಎಷ್ಟೇ ದೊಡ್ಡ ಮನುಷ್ಯನಾದರೂ ಅವನ ಪಾದದಲ್ಲಿ ಜನ ತಮ್ಮ ಸ್ವಾತಂತ್ರ್ಯವನ್ನು ಇಡಕೂಡದು ಎಂಬ ಮಾತನ್ನು ಅಂದು ಅವರು ಜಾನ್ ಸ್ಟುವರ್ಟ್ ಮಿಲ್‌ನ ಹೆಸರು ಹೇಳಿಯೇ ನೆನಪಿಸಿದರು. ಮಿಲ್‌ನನ್ನು ಐದು ಗುಣ ಐದು ದೋಷಗಳಲ್ಲಿ ಮುಗಿಸಿದ ವಿದ್ಯಾರ್ಥಿಗೆ, ಅವನ ಮಾತು ನಮ್ಮ ಸಂವಿಧಾನ ಸಭೆಯವರೆಗೆ ನಡೆದು ಬಂದದ್ದು ಹೇಗೆ ಗೊತ್ತಾಗಬೇಕು? ಅಂಬೇಡ್ಕರರು ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿದ್ದು ಗೈಡುಗಳನ್ನಲ್ಲ.

“ಕನ್ನಡ ಮಾಧ್ಯಮದ ಮಕ್ಕಳಿಗೆ ಮೂಲ ಗ್ರಂಥ ಅರಗುವುದಿಲ್ಲ ಮೇಡಂ” ಎಂದು ವಿದ್ವಾಂಸರೊಬ್ಬರು ನನಗೆ ಕರುಣೆಯಿಂದ ಹೇಳಿದರು. ಈ ಕರುಣೆಯೇ ನನಗೆ ಸಹಿಸಲಾಗದ್ದು. ಮೆಟ್ರಿಕ್ಯುಲೇಷನ್ ದಾಟದ ಡಿ.ವಿ.ಜಿ.ಯವರು ಕನ್ನಡದಲ್ಲಿ ‘ರಾಜ್ಯಶಾಸ್ತ್ರ’ ಬರೆದರು. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಓಲೆಗರಿ ಜಗತ್ತಿನ ಕಣ್ಣಿಗೆ ಬಿದ್ದದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, ಅಲ್ಲಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅಂಬೇಡ್ಕರರ ಬರಹ ಭಾಷಣಗಳ ಸಂಪುಟಗಳು ಕನ್ನಡಕ್ಕೆ ಬಂದಿವೆ. ಅನ್ನ ಬಡಿಸದೆ, ಮಗುವಿಗೆ ಹಸಿವೇ ಇಲ್ಲ ಎನ್ನುವ ತಾಯಿಯನ್ನು ನಾವು ಏನೆಂದು ಕರೆಯುತ್ತೇವೆ?

ಕೆಲಸ ಸಿಗುತ್ತದೆಯೇ ಎಂಬ ಪ್ರಶ್ನೆ ಸಣ್ಣದಲ್ಲ. ಬಡವರ ಮಕ್ಕಳು ಅದನ್ನು ಕೇಳಲೇಬೇಕು. ಆದರೆ ನೋಟ್ಸು ಉರು ಹೊಡೆದವರಿಗೂ ಕೆಲಸವೇನೂ ಕಾದು ಕೂತಿಲ್ಲ. ಎರಡು ವರ್ಷ ಕಳೆದ ಮೇಲೆ ಕೆಲಸವೂ ಇಲ್ಲ, ವಿದ್ಯೆಯೂ ಇಲ್ಲ ಎಂದಾದರೆ ಅದು ಮೋಸ. ಇವರಲ್ಲಿ ಕೆಲವರಾದರೂ ನಾಳೆ ನಮ್ಮಂಥ ಶಾಲೆಗಳಿಗೆ ಮೇಷ್ಟರಾಗಿ, ತಾಲ್ಲೂಕು ಕಚೇರಿಗೆ ಅಧಿಕಾರಿಯಾಗಿ ಬರುತ್ತಾರೆ. ಅಧಿಕಾರಕ್ಕೆ ಮಿತಿ ಯಾಕಿರಬೇಕು ಎಂದು ಒಮ್ಮೆಯೂ ಯೋಚಿಸದವರ ಕೈಗೆ ಅಧಿಕಾರ ಕೊಡುವುದು ಅಪಾಯ.

ನಾನು ಕೇಳುವುದು ದುಬಾರಿಯದಲ್ಲ. ಒಂದು ಸೆಮಿಸ್ಟರಿಗೆ ಒಂದೇ ಒಂದು ಮೂಲ ಗ್ರಂಥವನ್ನು, ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ, ಗುರು ಶಿಷ್ಯರು ಜೊತೆಗೆ ಕೂತು ಓದಲಿ. ಪ್ರಶ್ನೆಪತ್ರಿಕೆಯಲ್ಲಿ ಆ ಗ್ರಂಥದ ಅರ್ಧ ಪುಟ ಅಚ್ಚು ಹಾಕಿ, “ನೀವು ಇದನ್ನು ಒಪ್ಪುತ್ತೀರಾ? ಯಾಕೆ?” ಎಂದು ಕೇಳಲಿ. ಈ ಪ್ರಶ್ನೆಗೆ ಯಾವ ಗೈಡೂ ಉತ್ತರ ಬರೆದುಕೊಡಲಾರದು. ಗೈಡು ಮಾರುವವರಿಗೆ ಕಷ್ಟವಾದೀತು, ಆಗಲಿ.