ಮಾತು ಇಬ್ಬರದು, ರುಜು ಮೂರನೆಯವನದು

"ಆರ್ಥಿಕ ಹಾಗೂ ಇಂಧನ ಸಹಕಾರದ ಬಗ್ಗೆ ಉಭಯ ರಾಷ್ಟ್ರಗಳ ನಡುವೆ ಫಲಪ್ರದ ಮಾತುಕತೆ" ಎಂಬ ಒಕ್ಕಣೆಯನ್ನು ದೊಡ್ಡ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಮಂತ್ರಿಗಳು ಕೈ ಕುಲುಕುತ್ತಾರೆ, ಹಾರ ತುರಾಯಿಗಳಾಗುತ್ತವೆ, ಚಿತ್ರ ಅಚ್ಚಾಗುತ್ತದೆ. ಆ ಫಲವನ್ನು ತಿಂದವರು ಯಾರು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಭಾರತ ಮತ್ತು ಇರಾನ್ ನಡುವೆ ನಡೆದ ಮಾತುಕತೆಗಳ ಜಮಾಖರ್ಚನ್ನು ಈ ವಾರ ಓದುಗರ ಮುಂದಿಡುತ್ತೇವೆ.

ಇದು ದಿಲ್ಲಿಯ ದೊಡ್ಡವರ ವಿಷಯ, ಗಿರಣಿ ಕೆಲಸಗಾರನಿಗೂ ಕಿರಾಣಿ ಅಂಗಡಿಯವನಿಗೂ ಇದರಿಂದ ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. ಡೀಸೆಲ್ ಏರಿದರೆ ಲಾರಿ ಬಾಡಿಗೆ ಏರುತ್ತದೆ. ಬಾಡಿಗೆ ಏರಿದರೆ ಮಂಡಿಯಲ್ಲಿ ಬೇಳೆಯ ಧಾರಣೆ ಏರುತ್ತದೆ. ಕೂಲಿ ಮಾತ್ರ ಇದ್ದಲ್ಲೇ ಇರುತ್ತದೆ. ತೈಲವನ್ನು ಯಾರಿಂದ, ಯಾವ ಕರಾರಿನ ಮೇಲೆ ಕೊಳ್ಳುತ್ತೇವೆ ಎಂಬುದು ನಮ್ಮ ಅಡಿಗೆ ಮನೆಯ ಪ್ರಶ್ನೆ.

ಮೊದಲು ಕೊಳವೆಯ ಕಥೆ. ಇರಾನಿನ ದಕ್ಷಿಣ ಪಾರ್ಸ್ ಅನಿಲ ನಿಕ್ಷೇಪದಿಂದ ಪಾಕಿಸ್ತಾನದ ಮೂಲಕ ಭಾರತಕ್ಕೆ ಸುಮಾರು 2,700 ಕಿಲೋಮೀಟರ್ ಕೊಳವೆ ಹಾಕುವ ಯೋಜನೆ 1989ರಷ್ಟು ಹಳೆಯದು. 2003ರ ಗಣರಾಜ್ಯೋತ್ಸವಕ್ಕೆ ಇರಾನಿನ ಅಧ್ಯಕ್ಷ ಖತಾಮಿಯವರೇ ಅತಿಥಿಯಾಗಿ ಬಂದರು. 2005ರ ಜೂನ್‌ನಲ್ಲಿ ನಮ್ಮ ಪೆಟ್ರೋಲಿಯಂ ಮಂತ್ರಿ ಮಣಿಶಂಕರ ಅಯ್ಯರ್ ಇಸ್ಲಾಮಾಬಾದಿಗೂ ತೆಹ್ರಾನಿಗೂ ಹೋಗಿ ಬಂದರು. ಜಗಳವಾಡುವ ಎರಡು ನೆರೆಮನೆಗಳು ಒಂದೇ ಕೊಳವೆಯ ಅನಿಲದಲ್ಲಿ ಒಲೆ ಹಚ್ಚುವ ಕಾಲ ಬಂತೆಂದು ಜನ ಆಸೆಪಟ್ಟರು.

ಏನಾಯಿತು ಕೇಳಿ. ಅದೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ರೈಸ್ ದಿಲ್ಲಿಗೆ ಬಂದು ಈ ಕೊಳವೆ ತಮಗೆ ಸಮ್ಮತವಲ್ಲವೆಂದು ಸೂಚಿಸಿ ಹೋಗಿದ್ದರು. ಜುಲೈ 18ರಂದು ವಾಷಿಂಗ್ಟನ್‌ನಲ್ಲಿ ಅಣುಶಕ್ತಿ ಸಹಕಾರದ ಜಂಟಿ ಹೇಳಿಕೆ ಹೊರಬಿತ್ತು. ಸೆಪ್ಟೆಂಬರ್ 24ರಂದು ವಿಯೆನ್ನಾದ ಅಣುಶಕ್ತಿ ಸಂಸ್ಥೆಯಲ್ಲಿ ಭಾರತ ಇರಾನಿನ ವಿರುದ್ಧ ಕೈ ಎತ್ತಿತು. 2006ರ ಜನವರಿಯಲ್ಲಿ ಅಯ್ಯರ್ ಅವರ ಖಾತೆ ಬದಲಾಯಿತು. ಇದೆಲ್ಲ ಕಾಕತಾಳೀಯವೆಂದು ನಂಬುವವರು ನಂಬಲಿ. ದರದ ತಕರಾರು ಇತ್ತು, ಬಲೂಚಿಸ್ತಾನದಲ್ಲಿ ಕೊಳವೆಯನ್ನು ಕಾಯುವುದು ಹೇಗೆಂಬ ಪ್ರಶ್ನೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಚೌಕಾಸಿಯಿಲ್ಲದ ವ್ಯಾಪಾರ ಎಲ್ಲಿಯಾದರೂ ಉಂಟೆ? ಚೌಕಾಸಿ ಮುಗಿಯುವ ಮುಂಚೆಯೇ ಅಂಗಡಿಯಿಂದ ಎದ್ದು ಬಂದವರು ನಮ್ಮವರು. ಅಣು ಒಪ್ಪಂದಕ್ಕೆ 2008ರ ಅಕ್ಟೋಬರಿನಲ್ಲಿ ರುಜು ಬಿತ್ತು. ಅದರಡಿ ಬರಬೇಕಾಗಿದ್ದ ಅಮೆರಿಕದ ರಿಯಾಕ್ಟರುಗಳಲ್ಲಿ ಒಂದಾದರೂ ಈವರೆಗೆ ಒಂದು ಬಡ ಮನೆಯ ದೀಪ ಹೊತ್ತಿಸಿಲ್ಲ. ಅತ್ತ ಅನಿಲವೂ ಇಲ್ಲ, ಇತ್ತ ಅಣುವೂ ಇಲ್ಲ.

ಅನಿಲ ಹೋದರೂ ತೈಲ ಬರುತ್ತಿತ್ತು. ಈ ಭಾಗವನ್ನು ವ್ಯಾಪಾರಿ ಬಾಂಧವರು ಗಮನವಿಟ್ಟು ಓದಬೇಕು. ಇರಾನ್ ನಮಗೆ 60 ದಿನಗಳ ಉದ್ರಿ ಕೊಡುತ್ತಿತ್ತು. ಬೇರೆಯವರು ಕೊಡುತ್ತಿದ್ದುದು ಸಾಮಾನ್ಯವಾಗಿ ಅದರ ಅರ್ಧ. 2010ರ ಡಿಸೆಂಬರಿನಲ್ಲಿ ನಮ್ಮ ರಿಸರ್ವ್ ಬ್ಯಾಂಕು ಏಷ್ಯಾ ದೇಶಗಳ ಲೆಕ್ಕ ತೀರಿಸುವ ಒಕ್ಕೂಟದ ಮೂಲಕ ಇರಾನಿಗೆ ಹಣ ಸಲ್ಲಿಸುವ ದಾರಿಯನ್ನು ಮುಚ್ಚಿತು. ಸರಕು ಬಂದಿದೆ, ಕೈಯಲ್ಲಿ ದುಡ್ಡಿದೆ, ಕೊಡುವ ದಾರಿಯಿಲ್ಲ! ಆಗ ಇರಾನ್ ಏನು ಮಾಡಿತು? 2012ರಲ್ಲಿ ತೈಲದ ಬೆಲೆಯ ನೂರಕ್ಕೆ 45 ಪಾಲನ್ನು ಕಲ್ಕತ್ತೆಯ ಯೂಕೋ ಬ್ಯಾಂಕಿನ ಖಾತೆಯಲ್ಲಿ ರೂಪಾಯಿಯಲ್ಲೇ ಕಟ್ಟಿದರೆ ಸಾಕೆಂದು ಒಪ್ಪಿತು. ಆ ರೂಪಾಯಿಯಿಂದಲೇ ನಮ್ಮ ಬಾಸ್ಮತಿ ಅಕ್ಕಿಯನ್ನೂ ಚಹಾವನ್ನೂ ಕೊಂಡಿತು. ಡಾಲರಿನ ಹಂಗಿಲ್ಲದ ಈ ಲೇವಾದೇವಿ ಅಮೆರಿಕದ ಕಣ್ಣು ಕುಕ್ಕಿದ್ದರಲ್ಲಿ ಆಶ್ಚರ್ಯವೇನು? ಇರಾನಿನ ತೈಲದ ದೊಡ್ಡ ಗಿರಾಕಿಗಳಲ್ಲಿ ನಮ್ಮ ಮಂಗಳೂರಿನ ಸಂಸ್ಕರಣಾಗಾರವೂ ಒಂದಾಗಿತ್ತೆಂಬುದು ಕನ್ನಡಿಗರಿಗೆ ನೆನಪಿರಲಿ.

2018ರ ಮೇ ತಿಂಗಳಿನಲ್ಲಿ ವಿದೇಶಾಂಗ ಮಂತ್ರಿ ಸುಷ್ಮಾ ಸ್ವರಾಜ್ ಅವರು, ವಿಶ್ವಸಂಸ್ಥೆ ಹಾಕಿದ ನಿರ್ಬಂಧಗಳನ್ನಷ್ಟೇ ಭಾರತ ಮನ್ನಿಸುತ್ತದೆ, ಒಂದು ದೇಶ ತನ್ನಷ್ಟಕ್ಕೆ ಹಾಕಿದ್ದನ್ನಲ್ಲ ಎಂದು ಗಂಭೀರವಾಗಿ ಸಾರಿದರು. ನಾವೂ ಭೇಷ್ ಎಂದೆವು. ನವೆಂಬರಿನಲ್ಲಿ ಅಮೆರಿಕ ಎಂಟು ದೇಶಗಳಿಗೆ ಆರು ತಿಂಗಳ ರಿಯಾಯಿತಿ ಕೊಟ್ಟಿತು. 2019ರ ಮೇ ತಿಂಗಳಲ್ಲಿ ರಿಯಾಯಿತಿ ಮುಗಿಯಿತು, ಖರೀದಿಯೂ ನಿಂತಿತು. ಒಂದು ವರ್ಷದ ಹಿಂದಿನ ಘೋಷಣೆ ಎಲ್ಲಿ ಹೋಯಿತೆಂದು ಕೇಳುವವರಿರಲಿಲ್ಲ. ರೂಪಾಯಿ ಖಾತೆ ಬತ್ತುತ್ತ ಬಂದಂತೆ ಅಕ್ಕಿ, ಚಹಾ ವ್ಯಾಪಾರಕ್ಕೂ ಪೆಟ್ಟು ಬಿತ್ತು. ಸಾಲದೆಂಬಂತೆ, ನಮ್ಮ ಸರಕಾರಿ ತೈಲ ಸಂಸ್ಥೆಗಳು ಜನರ ಹಣ ಹಾಕಿ 2008ರಲ್ಲಿ ಪತ್ತೆ ಮಾಡಿದ್ದ ಫರ್ಜಾದ್-ಬಿ ಅನಿಲ ಕ್ಷೇತ್ರವನ್ನು ಇರಾನ್ 2021ರಲ್ಲಿ ತನ್ನದೇ ಕಂಪನಿಗೆ ಕೊಟ್ಟುಬಿಟ್ಟಿತು. ಅವರನ್ನು ದೂರಿ ಫಲವೇನು? ವರ್ಷಗಟ್ಟಲೆ ಕಾದ ಬಾಗಿಲು ಅದು. ಚಾಬಹಾರ್ ಬಂದರಿನ ಗತಿಯೂ ಹೀಗೆಯೇ: 2024ರ ಮೇ 13ರಂದು ಹತ್ತು ವರ್ಷದ ಕರಾರು, 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಿಯಾಯಿತಿ ರದ್ದು, ಮತ್ತೆ ಅವರನ್ನೇ ಕೇಳಿಕೊಂಡು ಆರು ತಿಂಗಳ ವಾಯಿದೆ.

ಇರಾನಿನ ಆಳುವವರಿಗೆ ನಾವು ಭೋಪರಾಕು ಹಾಕುತ್ತಿಲ್ಲ. ಬಾಕಿ ಕೂಲಿ ಕೇಳಿ 2018ರಲ್ಲಿ ಮುಷ್ಕರ ಹೂಡಿದ ಹಫ್ತ್ ತಪ್ಪೆ ಸಕ್ಕರೆ ಕಾರಖಾನೆಯ ಕಾರ್ಮಿಕ ಮುಂದಾಳುಗಳನ್ನು ಸೆರೆಗೆ ತಳ್ಳಿದ ಸರಕಾರ ಅದು. ಆದರೆ ಅಮೆರಿಕದ ಕೋಪ ಕೂಲಿಕಾರನ ಮೇಲಿನ ಮಮತೆಯಿಂದ ಹುಟ್ಟಿದ್ದೆಂದು ಯಾರೂ ಭ್ರಮಿಸಬೇಕಾಗಿಲ್ಲ. 1951ರಲ್ಲಿ ಮೊಸಾದ್ದೆಕ್ ಅವರು ಬ್ರಿಟಿಷ್ ಕಂಪನಿಯ ಕೈಯಿಂದ ತೈಲವನ್ನು ಬಿಡಿಸಿ ರಾಷ್ಟ್ರದ ಸೊತ್ತು ಮಾಡಿದರು. 1953ರಲ್ಲಿ ಅವರನ್ನು ಉರುಳಿಸಿದ ಸಂಚಿನಲ್ಲಿ ಅಮೆರಿಕದ ಗೂಢಚಾರ ಸಂಸ್ಥೆಯ ಕೈವಾಡವಿತ್ತೆಂಬುದನ್ನು 2013ರಲ್ಲಿ ಬಯಲಾದ ಆ ಸಂಸ್ಥೆಯ ಕಾಗದಗಳೇ ಒಪ್ಪಿವೆ. ಅಂದು ಉರುಳಿದ್ದು ಜನ ಒಪ್ಪಿದ ಸರಕಾರ.

ಅಮೆರಿಕವನ್ನು ಎದುರು ಹಾಕಿಕೊಂಡರೆ ಬಟ್ಟೆಯ ರಫ್ತು ನಿಂತು ಗಿರಣಿಗಳಿಗೆ ಬೀಗ ಬೀಳುತ್ತದೆಂದು ಮಾಲೀಕರು ಹೆದರಿಸುತ್ತಾರೆ. ಒಳ್ಳೆಯದು. 2019ರಲ್ಲಿ ಹೇಳಿದಂತೆ ಕೇಳಿದೆವಲ್ಲ, ಏನು ಸಿಕ್ಕಿತು? 2025ರ ಆಗಸ್ಟ್ 27ರಿಂದ, ರಷ್ಯದ ತೈಲ ಕೊಂಡ ತಪ್ಪಿಗೆಂದು ನಮ್ಮ ಸರಕಿನ ಮೇಲೆ ಇನ್ನೂ 25 ಸೇರಿಸಿ, ಒಟ್ಟು ನೂರಕ್ಕೆ 50ರ ಸುಂಕ ಹೇರಿದರು. ಬಟ್ಟೆಗೂ ಆಗ ಅದೇ ಸುಂಕ ಬಿತ್ತು. ಬಗ್ಗಿದವನಿಗೆ ಗುದ್ದು ಹೆಚ್ಚು!

ಈ ಕೊಡುಕೊಳೆಯಲ್ಲಿ ಒಂದನ್ನೂ ಪಾರ್ಲಿಮೆಂಟಿನ ಮತಕ್ಕೆ ಹಾಕಿ ತೀರ್ಮಾನಿಸಲಿಲ್ಲ. ನಮ್ಮಲ್ಲಿ ಹೊರದೇಶಗಳೊಡನೆ ಒಪ್ಪಂದ ಮಾಡಿಕೊಳ್ಳಲು ಪಾರ್ಲಿಮೆಂಟಿನ ಒಪ್ಪಿಗೆ ಬೇಕೇ ಬೇಕೆಂಬ ನಿಯಮವಿಲ್ಲ. ಮುರಿಯಲು ಮೊದಲೇ ಬೇಡ. ಪುರಸಭೆಯ ಚರಂಡಿ ಗುತ್ತಿಗೆಗೂ ಸಭೆಯಲ್ಲಿ ಠರಾವು ಬೇಕು. ದೇಶದ ತೈಲಕ್ಕೆ ಬೇಡ! ನಿಮ್ಮ ಕ್ಷೇತ್ರದ ಲೋಕಸಭಾ ಸದಸ್ಯರು ಮುಂದಿನ ಸಲ ಊರಿಗೆ ಬಂದಾಗ ಸಂಘದ ಪರವಾಗಿ, ವರ್ತಕರ ಮಂಡಳಿಯ ಪರವಾಗಿ ಇಷ್ಟನ್ನು ಬರಹದಲ್ಲಿ ಕೇಳಿ: 2019ರ ಮೇ ತಿಂಗಳಲ್ಲಿ ಇರಾನಿನ ತೈಲ ನಿಲ್ಲಿಸುವ ತೀರ್ಮಾನ ಮಾಡಿದವರು ಯಾರು, ಅಂದು ತಾವು ಎಲ್ಲಿದ್ದಿರಿ?